ಸಿಮೆಂಟಿನವಳ ಮೆಟ್ಟುಗತ್ತಿ

ಸಾಗರದಿಂದ ಹೊಸನಗರಕ್ಕೆ ಹೋಗುವ ರಸ್ತೆ ಪಕ್ಕ ಯಾರೋ ಒಬ್ಬ ಸಿಮೆಂಟಿನಲ್ಲಿ ಒಂದು ಊರನ್ನೇ ಮಾಡಿಟ್ಟಿದ್ದಾನಂತೆ, ಎಲ್ಲರೂ ಮೊಬೈಲಲ್ಲಿ ಹಾಕ್ತಿದ್ದಾರಂತೆ, ನಾವೂ ನೋಡಬೇಕಂತೆ. ಎಲ್ಲ ಸೊಸೆಯ ಅಂತೆ. ಭಾನುವಾರ ಮಗ ಕಾರು ತೆಗೆದ. ಮೊಣಕಾಲು ನೋವು ಅಂದರೂ ನನ್ನನ್ನು ಮೊಮ್ಮಗಳ ಪಕ್ಕ ಹತ್ತಿಸಿದರು.

ನೋಡಿದೆ. ಆನೆಗೆ ಹಂದಿ ಮುಖ. ಹುಲಿಗೆ ಹಲ್ಲುಸೆಟ್ಟು ಹಾಕಿಸಿದ ಮುದುಕನ ಬಾಯಿ. ಜೋಗ ಅಂತ ಕರಿ ಬಂಡೆ ಮೇಲೆ ನಾಲ್ಕು ಪ್ಲಾಸ್ಟಿಕ್ ಪೈಪು, ಹನಿ ನೀರಿಲ್ಲ. ಯಾಕೆ ಅಂದರೆ ಕರೆಂಟಿಲ್ಲ. ಕರೆಂಟು ಹುಟ್ಟೋ ಜೋಗ, ಕರೆಂಟಿಲ್ಲದೆ ಒಣಗಿ ನಿಂತಿತ್ತು.

ಮಾಡಿದವನು ಐವತ್ತು ದಾಟಿದ ಮನುಷ್ಯ, ಲುಂಗಿ ತುಂಬ ಬಣ್ಣ. ಬೆನ್ನಿಗೇ ಬಂದು "ಎಲ್ಲ ನನ್ನ ಕೈಯಾರೆ ಮಾಡಿದ್ದು" ಅಂತಿದ್ದ. ಹೇಳದಿದ್ದರೂ ಗೊತ್ತಾಗ್ತಿತ್ತು.

ಇಲ್ಲೊಂದು ಮಾತು ಹೇಳಬೇಕು. ಸೊಸೆ ನನ್ನ ಮೊಮ್ಮಗಳಿಗೆ 'ಅಜ್ಜಿದು ದೊಡ್ಡ ತೋಟದ ಮನೆ' ಅಂತ ಹೇಳಿಟ್ಟಿದ್ದಳು. ತೋಟ ನಮ್ಮದಲ್ಲ. ತೀರ್ಥಹಳ್ಳಿ ಕಡೆ ಕಂಡವರ ಅಂಗಳದಲ್ಲಿ ನಲವತ್ತು ವರ್ಷ ಅಡಿಕೆ ಸುಲಿದವಳು ನಾನು. ಹುಡುಗಿಗೆ ಹೇಳ್ತೀನಿ ಅಂದಾಗೆಲ್ಲ ಮಗ "ಬಿಡಮ್ಮ, ಯಾಕೆ ಸುಮ್ನೆ" ಅಂತಿದ್ದ. ನಾನೂ ಬಾಯಿ ಮುಚ್ಚಿಕೊಂಡಿದ್ದೆ.

ಮೂಲೆಯಲ್ಲಿ ಅಡಿಕೆ ಸುಲಿಯೋ ಹೆಂಗಸೊಬ್ಬಳನ್ನು ಮಾಡಿ ಕೂರಿಸಿದ್ದ. ಮದುವೆಗೆ ಹೊರಟವಳ ಹಾಗೆ ರೇಷ್ಮೆ ಸೀರೆ, ಉಗುರಿಗೆ ಕೆಂಪು ಬಣ್ಣ. ಕಾಲಲ್ಲಿ ಮೆಟ್ಟಿ ಹಿಡಿದು ಸುಲಿಯೋ ಮೆಟ್ಟುಗತ್ತಿಯ ಬಾಯಿ ಆಚೆ, ಬೆನ್ನು ಅವಳ ಕಡೆ.

"ಏನು ಮಾರಾಯ, ಕತ್ತಿ ತಿರುಗಿಸಿ ಇಟ್ಟಿದ್ದೀಯಲ್ಲ? ಬೆನ್ನಿಗೆ ಒತ್ತಿದರೆ ಸಿಪ್ಪೆ ಬಿಡ್ತದಾ? ಬಾಯಿ ಸುಲಿಯೋರ ಕಡೆ ಇರಬೇಕು."

"ಫೋಟೋ ನೋಡಿ ಮಾಡಿದ್ದಮ್ಮ. ನಿಮಗೆ ಹೇಗೆ ಗೊತ್ತು?"

ನಾನು ಬಾಯಿ ತೆಗೆಯುವ ಮೊದಲೇ ಸೊಸೆ, "ನಮ್ಮತ್ತೆ ತೋಟದ ಮನೆಯವರು. ಆಳುಗಳು ಸುಲಿಯೋದು ನೋಡಿದ್ದಾರೆ" ಅಂದಳು.

"ನೋಡಿದ್ದಲ್ಲ, ಸುಲಿದಿದ್ದು. ಆ ಆಳು ನಾನೇ."

ಮಗ ಆಗಷ್ಟೇ ಕಂಡವನ ಹಾಗೆ ಹಂದಿಮುಖದ ಆನೆ ನೋಡತೊಡಗಿದ. ಸೊಸೆ ಬ್ಯಾಗಿನಲ್ಲಿ ಏನೋ ಹುಡುಕಿದಳು. ಹುಡುಗಿ ಮಾತ್ರ ನನ್ನನ್ನೇ ನೋಡಿದಳು.

"ಹಾಗಾದ್ರೆ ತೋಟ ಯಾರದ್ದು, ಅಜ್ಜಿ?"

"ತೋಟ ಕಂಡವರದ್ದು. ಕೈ ನಂದು. ನೋಡಿಲ್ಲಿ." ಹೆಬ್ಬೆರಳಿನ ಗಾಯದ ಕಲೆ ತೋರಿಸಿದೆ.

"ನೋವಾಗಿತ್ತಾ?"

"ಕತ್ತಿ ತಾಗಿದರೆ ನೋವಾಗದೆ ಕಚಗುಳಿ ಆಗ್ತದಾ? ಹಸಿ ಅಡಿಕೆ ಕರೆ ಹತ್ತಿ ಬೆರಳೆಲ್ಲ ಕಪ್ಪಾಗ್ತಿತ್ತು. ಯಾವ ಸೋಪಿಗೂ ಹೋಗ್ತಿರಲಿಲ್ಲ. ಈ ಸಿಮೆಂಟಿನವಳ ಕೈ ನೋಡು, ಒಂದು ಅಡಿಕೆ ಮುಟ್ಟಿಲ್ಲ."

ಲುಂಗಿಯವನು ಹೋಗಿ ಕಪ್ಪು ಬಣ್ಣದ ಡಬ್ಬಿ, ಬ್ರಶ್ಶು ತಂದ. ನನ್ನ ಕೈಗೆ ಕೊಡೋಕೆ ಬಂದರೆ ಹುಡುಗಿ ಕಸಿದುಕೊಂಡಳು. ಕೆಂಪು ಉಗುರಿನ ಮೇಲೆಲ್ಲ ಬಳಿದಳು. "ಹೆಬ್ಬೆರಳಿಗೆ ಇನ್ನೂ ಹಚ್ಚು" ಅಂದೆ. ಹಚ್ಚಿದಳು.

"ಫ್ರಾಕಿಗೆ ತಾಗಿಸ್ಕೊಬೇಡ" ಅಂತ ಸೊಸೆ ಒಂದೇ ಮಾತು ಹೇಳಿ ಕಾರಿನಲ್ಲಿ ಹೋಗಿ ಕೂತಳು.

"ಕತ್ತಿ?" ಅಂತ ಕೇಳಿದೆ ಅವನನ್ನು.

"ಸಿಮೆಂಟು ಕಚ್ಚಿಕೊಂಡಿದೆಯಮ್ಮ. ಸರಿ ಮಾಡಬೇಕಂದ್ರೆ ಒಡೀಬೇಕು."

"ಒಡಿ" ಅಂದೆ.