ಅಕ್ಕ ಒಲ್ಲೆನೆಂದ ಗಾಡಿ

ಹೊಸ ಗಾಡಿಯ ಗಾಲಿಯಡಿ ನಿಂಬೆಹಣ್ಣು ಇಡುವುದನ್ನು ಕಂಡರೆ ನಾನು ಈಗಲೂ ಕಣ್ಣು ಮುಚ್ಚಿ ನಿಂತುಬಿಡುತ್ತೇನೆ. ಪಕ್ಕದವರು ಭಕ್ತಿ ಎಂದುಕೊಳ್ಳುತ್ತಾರೆ. ಭಕ್ತಿಯಲ್ಲ, ಗಾಬರಿ. ಆ ಗಾಬರಿ ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಅಕ್ಕನ ಮೊಣಕಾಲಿನಿಂದ ಶುರುಮಾಡಬೇಕು.

ಅಕ್ಕ ಮತ್ತು ಮಾಮಾ ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಎಷ್ಟೋ ವರ್ಷವಾಗಿತ್ತು. ಮಾಮಾ ಅಂದರೆ ಅಕ್ಕನ ಗಂಡ. ನಮ್ಮ ಧಾರವಾಡದ ಕಡೆ ಹಾಗೆಯೇ ಕರೆಯುವುದು. ಅವರು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ದಿನವಿಡೀ ಇನ್ನೊಬ್ಬರ ಉಸಿರು ಕಾಯುತ್ತ ಕೂತು ಬೇಸತ್ತು, ಊರಿಂದ ಒಂದು ತಾಸಿನ ದಾರಿಯಲ್ಲಿ, ಗುಡ್ಡದ ಮಗ್ಗುಲಿಗೆ ಒಂದು ಹಳೆಯ ಕಲ್ಲಿನ ಮನೆ ಕೊಂಡರು. ಮನೆಯ ಹಿಂದೆ ಗುಡ್ಡದ ನೆತ್ತಿಯವರೆಗೂ ಹುಲ್ಲುಗಾವಲು. ನಮ್ಮ ಮನೆಗಳಿಗೆ ವಾಟ್ಸಾಪ್ ಆಗಷ್ಟೇ ಕಾಲಿಟ್ಟಿದ್ದ ಕಾಲ. ಶನಿವಾರ ಬಂತೆಂದರೆ ಮಾಮಾ ನೆತ್ತಿಗೆ ಹತ್ತಿ ಫೋಟೋ ಕಳಿಸುವರು: ಮೋಡ, ಕಲ್ಲುಗೋಡೆ, ದೂರದಲ್ಲಿ ಬೆಳ್ಳಿ ಗೆರೆಯಂಥ ನೀರು.

ಅಕ್ಕ ಮಾತ್ರ ಆ ನೆತ್ತಿಯನ್ನು ಕಂಡಿರಲೇ ಇಲ್ಲ. ಎರಡೂ ಮೊಣಕಾಲು ಸವೆದಿದ್ದವು. ಆಪರೇಶನ್ನಿಗೆ ವೇಟಿಂಗ್ ಲಿಸ್ಟಿನಲ್ಲಿ ಹೆಸರಿತ್ತು, ಸರದಿ ಬಂದಿರಲಿಲ್ಲ. ಅಡಿಗೆಮನೆಯ ಕಿಟಕಿಯಿಂದ ಗುಡ್ಡ ನೋಡುತ್ತ ಅನ್ನುವಳು: "ಹೊಲ ನನ್ನ ಹೆಸರಿಲೆ ತಗೊಂಡಾರ, ತಮ್ಮಾ. ನಾನಽ ನೋಡಿಲ್ಲ. ಒಂದ್ ದಿನ ಮುಂಜಾನೆ ಆ ಮ್ಯಾಲ ಕುಂತು ಲಿಂಗಪೂಜಿ ಮಾಡಬೇಕು. ಅಷ್ಟಽ ನನ್ನಾಸೆ." ನಮ್ಮ ಮನೆತನದಲ್ಲಿ ಪೂಜೆಗೆ ಗುಡಿ ಬೇಕಿಲ್ಲ. ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರೆ ಕೂತಲ್ಲೇ ಪೂಜೆ. ಆದರೆ ಅಲ್ಲಿಗೆ ಹೋಗಿ ಕೂರಬೇಕಲ್ಲ.

ಹೀಗೆ ಗಾಡಿಯ ಮಾತು ಬಂತು. ಮಾಮಾನಿಗೂ ಬೇಕಿತ್ತು, ಕುರಿಗಳಿಗೆ ಮೇವು ಹೊರುವುದಕ್ಕೆ, ಬೇಲಿಯ ಗೂಟ ಸಾಗಿಸುವುದಕ್ಕೆ. ಮಾಮಾ ಸಾಕಿದ ಕುರಿಗಳನ್ನು ಕಡಿಯುವಂತಿಲ್ಲ, ಮಾರುವಂತಿಲ್ಲ. ಮುದಿಯಾಗಿ ತಾವಾಗಿ ಸಾಯುವತನಕ ಮೇಯಬೇಕು. ನಮ್ಮ ಹುಲ್ಲನ್ನು ಗೇಣಿಗೆ ಹಿಡಿದಿದ್ದ ಪಕ್ಕದ ರೈತ ಇದನ್ನು ಕೇಳಿ, "ಡಾಕ್ಟರೇ, ನಿಮ್ಮ ಕುರಿಗಳಿಗೆ ಪೆನ್ಶನ್ ಕೂಡ ಉಂಟೋ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಅವನು ಒಳ್ಳೆಯ ಮನುಷ್ಯ. ಹೆಂಗಸರನ್ನೆಲ್ಲ "ಲವ್" ಎಂದೇ ಕರೆಯುವನು. ಅಲ್ಲಿನ ರೂಢಿ ಅದು. ಮೊದಲ ಸಲ ಹಾಗೆ ಕರೆಸಿಕೊಂಡ ದಿನ ಅಕ್ಕ ಒಳಗೆ ಬಂದು ಬಾಗಿಲ ಚಿಲಕ ಹಾಕಿದ್ದಳಂತೆ. ಅವನು ಬೇಟೆಗಾರನೂ ಹೌದು. ನೆತ್ತಿಯಾಚೆಯ ಕಾಡಿನಲ್ಲಿ ಜಿಂಕೆ ಹೊಡೆಯುವ ಹಕ್ಕು ಅವನದು. ಆ ಕೆಲಸಕ್ಕೆಂದೇ ಅವನ ಬಳಿ ಒಂದು ಗಾಡಿಯಿತ್ತು. ಮುಂದೆ ಎರಡು ಸೀಟು, ಬೆಲ್ಟು, ತಲೆಯ ಮೇಲೆ ಕಬ್ಬಿಣದ ಪಂಜರ, ಹಿಂದೆ ಸಾಮಾನು ಹೇರುವ ತೊಟ್ಟಿ. ತನಗೆ ಹೊಸದು ಬರುತ್ತದೆ, ಇದನ್ನು ನೀವು ತೆಗೆದುಕೊಳ್ಳಿ, ಎಂಥ ಹಿಮದಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಎಂದ. ಬೇಟೆಯ ದಿನಗಳಲ್ಲಿ ಬೇಕಾದರೆ ಕೇಳಿ ಒಯ್ಯುತ್ತೇನೆ ಎಂದೂ ಸೇರಿಸಿದ.

ಮಾಮಾನಿಗೆ ಒಪ್ಪಿಗೆಯಾಗಿತ್ತು. ಎಂಜಿನ್ನಿನ ಸದ್ದು ಕೇಳಿದರು, ಬಗ್ಗಿ ತಳ ನೋಡಿದರು, ನಾಲ್ಕೂ ಗಾಲಿಗೆ ಶಕ್ತಿ ಹೋಗುತ್ತದೋ ಇಲ್ಲವೋ ಎಂದು ಕೆಸರಲ್ಲಿ ಓಡಿಸಿ ನೋಡಿದರು. ಅಷ್ಟರಲ್ಲಿ ಅಕ್ಕ ಕೋಲೂರಿಕೊಂಡು ಹಿಂದಕ್ಕೆ ಹೋದಳು. ತೊಟ್ಟಿಯ ಮೂಲೆಯಲ್ಲಿ ಕಂದು ಕಲೆಯಿತ್ತು. ಅದಕ್ಕೆ ಬಿರುಸಾದ ಕೂದಲು ಅಂಟಿಕೊಂಡಿತ್ತು.

"ಇದೇನ್ರಿ?"

"ತುಕ್ಕು," ಎಂದರು ಮಾಮಾ.

"ತುಕ್ಕಿಗೆ ಕೂದಲಾ ಬರ್ತಾವೇನು?"

ರೈತ ಏನೂ ಮುಚ್ಚಿಡದೆ, ಸಲೀಸಾಗಿ, "ಡಿಯರ್, ಲವ್," ಎಂದ. ಜಿಂಕೆಯ ರಕ್ತ. ಅಕ್ಕ ಸೆರಗು ಎಳೆದುಕೊಂಡು ಮನೆಯೊಳಗೆ ಹೋದಳು. ಅವತ್ತು ಮತ್ತೊಮ್ಮೆ ಸ್ನಾನ ಮಾಡಿದಳು. "ಕೊರಳಾಗ ಲಿಂಗ ಕಟ್ಟಕೊಂಡು ಹೆಣದ ಗಾಡಿ ಹತ್ತಂಗಿಲ್ಲ. ನೀವು ಅದನ್ನ ತಂದ್ರ ನಾ ಲೀಡ್ಸ್‌ನ್ಯಾಗ ಇರ್ತೀನಿ, ನೀವು ಇಲ್ಲೇ ಕುರಿ ಕಾಕೋಂತ ಕುಂದರ್ರಿ," ಎಂದಳು. ಅಲ್ಲಿಗೆ ಆ ಗಾಡಿಯ ಮಾತು ಮುಗಿಯಿತು.

ಮುಂದಿನ ವಾರ ಹೊಸ ಗಾಡಿಗಳ ಅಂಗಡಿಗೆ ಹೋದೆವು. ಆಗ ಸಾಲ್ಫರ್ಡ್‌ನಲ್ಲಿದ್ದ ನಾನೂ ಬಂದಿದ್ದೆ. ಎರಡು ಸೀಟಿನ ಹೊಸ ಗಾಡಿಗೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಅಂಗಳದಲ್ಲಿ ತಯಾರಾಗಿ ನಿಂತಿದ್ದದ್ದು ಕ್ವಾಡ್ ಬೈಕು: ನಾಲ್ಕು ಉಬ್ಬಿದ ಗಾಲಿ, ಮೋಟರ್‌ಸೈಕಲ್ಲಿನ ಹ್ಯಾಂಡಲ್ಲು, ಹಿಂದೆ ಮುಂದೆ ಸರಳಿನ ಕ್ಯಾರಿಯರ್. ಮತ್ತೆ ಸೀಟು! ಮೆತ್ತಗೆ, ಕಪ್ಪಗೆ, ಉದ್ದಕ್ಕೆ. ಅಕ್ಕನ ಮುಖ ಅರಳಿತು.

"ಮೂರು ಮಂದಿ ಆರಾಮ ಕುಂದರಬಹುದು!"

ಅಂಗಡಿಯವನು ಒಬ್ಬರೇ ಕೂರಬೇಕು ಎಂದ. ಮಡ್‌ಗಾರ್ಡಿನ ಮೇಲಿದ್ದ ಚೀಟಿ ತೋರಿಸಿದ. ಇಬ್ಬರು ಕೂತ ಚಿತ್ರಕ್ಕೆ ಕೆಂಪು ಗೀಟು ಹೊಡೆದಿತ್ತು.

"ಒಬ್ಬರಽ ಕುಂದರೋದಾದ್ರ ಇಷ್ಟುದ್ದ ಸೀಟ್ ಯಾಕ ಮಾಡ್ಯಾರ, ಕೇಳು," ಅಂದಳು ನನಗೆ. ಕೇಳಿದೆ. ಇಳಿಜಾರಿನಲ್ಲಿ ಸವಾರ ಹಿಂದೆ ಮುಂದೆ, ಆಚೆ ಈಚೆ ಸರಿದು ತನ್ನ ಮೈಭಾರದಿಂದಲೇ ಗಾಡಿಯನ್ನು ಸರಿತೂಗಿಸಬೇಕು, ಅದಕ್ಕೆ ಜಾಗ, ಎಂದ ಆತ. ಹೇಳಿದೆ.

"ನಾ ಕುಂತರೂ ಜಾಗಾ ಉಳೀತೈತಿ. ನಾ ಏನ್ ಆನೀನಾ?"

ಮಾಮಾ ನಕ್ಕುಬಿಟ್ಟರು. ಮದುವೆಯಾದ ಹೊಸತರಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಸ್ಕೂಟರಿನ ಮೇಲೆ ಹೋಗುತ್ತಿದ್ದದ್ದು ನೆನಪಾಯಿತೋ ಏನೋ. ಹಿಂದೆ ಅಕ್ಕ ಒಂದೇ ಮಗ್ಗುಲಿಗೆ ಕಾಲು ಇಳಿಬಿಟ್ಟು, ತೊಡೆಯ ಮೇಲೊಂದು ಸ್ಟೀಲ್ ಡಬ್ಬಿ ಹಿಡಿದು. "ಇಬ್ಬರು ಕುಂದರಬಾರದು ಅನ್ನೋದು ಇವರ ಇನ್ಶೂರೆನ್ಸ್ ಮಾತು ಬಿಡು," ಅಂದರು ನನಗೆ. ನಮ್ಮ ಊರ ಸ್ಕೂಟರು ಕಂಡ ಯಾರಿಗೂ ಆ ಚೀಟಿ ಕಣ್ಣಿಗೆ ಹತ್ತುವಂಥದ್ದಲ್ಲ.

ಆಯುಧಪೂಜೆಗೆ ಸರಿಯಾಗಿ ಗಾಡಿ ಬಂತು. ಅಂಗಳದಲ್ಲಿ ತೊಳೆದು, ಹೆಡ್‌ಲೈಟಿಗೆ ವಿಭೂತಿಯ ಗೆರೆ ಎಳೆದು, ಹ್ಯಾಂಡಲ್ಲಿಗೆ ಸೂಪರ್‌ಮಾರ್ಕೆಟ್ಟಿನ ಸೇವಂತಿಗೆ ಕಟ್ಟಿ, ನಾಲ್ಕೂ ಗಾಲಿಗೆ ನಿಂಬೆಹಣ್ಣಿಟ್ಟೆವು. ಅಕ್ಕ ಇಳಕಲ್ ಸೀರೆ ಉಟ್ಟಿದ್ದಳು, ಮೇಲೊಂದು ದಪ್ಪ ಜಾಕೆಟ್ಟು. ಮಾಮಾ ಸ್ಟಾರ್ಟ್ ಮಾಡಿ ಒಂದು ಗೇಣು ಮುಂದೆ ಬಿಟ್ಟರು. ನಿಂಬೆಹಣ್ಣು ಚಟ್ಟನೆ ಒಡೆದವು. ಅಕ್ಕ ಹಿಂದೆ ಹತ್ತಿ ಕೂತಳು. ಸೀರೆಯಲ್ಲಿ ಆಚೆ ಈಚೆ ಕಾಲು ಹಾಕುವುದು ಹೇಗೆ? ಎರಡೂ ಕಾಲು ಎಡಕ್ಕೆ ಇಳಿಬಿಟ್ಟು, ಮಾಮಾನ ಹೆಗಲ ಮೇಲೆ ಕೈಯಿಟ್ಟಳು.

"ಸಾವಕಾಶ ಹೊಡೀರಿ."

ಮೇಲಿನ ಗೇಟು ತೆಗೆಯಲು ನಾನು ಮೊದಲೇ ಹತ್ತಿ ಹೋಗಿ ನಿಂತಿದ್ದೆ. ದಾರಿ ಗುಡ್ಡವನ್ನು ಓರೆಯಾಗಿ ಸೀಳಿಕೊಂಡು ಬರುತ್ತದೆ. ಬಲಗಡೆ ಏರು, ಎಡಗಡೆ ಇಳಿಜಾರು. ಮಂಜು ಗುಡ್ಡದ ನಡುವಿಗೆ ಬಂದು ನಿಂತಿತ್ತು. ಅದರೊಳಗಿಂದ ಮೊದಲು ಸೇವಂತಿಗೆ ಕಂಡಿತು, ಆಮೇಲೆ ಅಕ್ಕನ ಸೆರಗು. ಅಕ್ಕ ನನ್ನ ಕಡೆ ಕೈ ಎತ್ತಿದಳು. ಬಲಗಡೆಯ ಗಾಲಿ ಒಂದು ಹುಲ್ಲುಗಡ್ಡೆ ಏರಿತು. ದೊಡ್ಡದೇನಲ್ಲ, ಮಡಚಿಟ್ಟ ಕಂಬಳಿಯಷ್ಟು. ಗಾಡಿ ಎಡಕ್ಕೆ ವಾಲಿತು. ಅಕ್ಕನ ಭಾರವೆಲ್ಲ ಎಡಕ್ಕೇ ಇತ್ತು.

ಸದ್ದಾಗಲಿಲ್ಲ. ನನಗೆ ಇವತ್ತಿಗೂ ಅರ್ಥವಾಗದ್ದು ಅದು. ಅಷ್ಟು ಭಾರದ ವಸ್ತು ಹಾಸಿಗೆಯಲ್ಲಿ ಮಗು ಮಗ್ಗುಲಾದಂತೆ ಹೊರಳಿತು. ಮಾಮಾ ಏರಿನ ಕಡೆ ಬಿದ್ದರು. ಗಾಡಿ ಅಕ್ಕನ ಮೇಲೆ ಹಾದು, ಇನ್ನೊಂದು ಉರುಳು ಉರುಳಿ, ಕಲ್ಲುಗೋಡೆಗೆ ತಾಗಿ ಗಾಲಿ ಮೇಲೆ ಮಾಡಿ ನಿಂತಿತು. ಆಮೇಲೆ ಶುರುವಾಯಿತು ಸದ್ದು, ಎಂಜಿನ್ನಿನದು. ತಲೆಕೆಳಗಾಗಿ ಊಳಿಡುವ ಹಾಗೆ.

ಹೇಗೆ ಓಡಿದೆನೋ ಗೊತ್ತಿಲ್ಲ. ಅಕ್ಕ ಜೌಗು ನೆಲದ ಮೆತ್ತನೆ ಹುಲ್ಲಿನಲ್ಲಿ ಅರ್ಧ ಹೂತಂತೆ ಬಿದ್ದಿದ್ದಳು. ಅದೇ ಅವಳನ್ನು ಉಳಿಸಿದ್ದು. ತೊಡೆಯ ಕೆಳಗೆ ಕಾಲು ಇರಬಾರದ ದಿಕ್ಕಿಗೆ ತಿರುಗಿತ್ತು. ಮುಖ ಬೂದಿಯಾಗಿತ್ತು. ಸುತ್ತಲೂ ನಿಂಬೆಯ ವಾಸನೆ. ಗಾಲಿಗೆ ಮೆತ್ತಿದ್ದ ಹಣ್ಣು ಅವಳ ಜಾಕೆಟ್ಟಿಗೆ ಹತ್ತಿತ್ತು. ಮಾಮಾ ಮೊಣಕಾಲೂರಿ ಅವಳ ಕುತ್ತಿಗೆ, ಬೆನ್ನು, ನಾಡಿ ನೋಡಿದರು. ಕೈ ನಡುಗುತ್ತಿರಲಿಲ್ಲ, ಆದರೆ ಬಾಯಲ್ಲಿ "ಯಪ್ಪಾ, ಯಪ್ಪಾ" ಎನ್ನುತ್ತಲೇ ಇದ್ದರು. ನನ್ನ ಫೋನಿಗೆ ಸಿಗ್ನಲ್ ಇರಲಿಲ್ಲ. ಆ ಮಂಜಿನಲ್ಲಿ ಆಂಬುಲೆನ್ಸ್ ಹೆಲಿಕಾಪ್ಟರ್ ಇಳಿಯುವ ಮಾತೂ ಇರಲಿಲ್ಲ. ಅಕ್ಕನ ಹಲ್ಲು ಕಟಕಟ ಎನ್ನತೊಡಗಿತ್ತು.

ಆಗ ನೆತ್ತಿಯಿಂದ ಆ ಗಾಡಿ ಬಂತು.

ರೈತ ಬೆಳಗಿನಿಂದ ಕಾಡಿನಲ್ಲಿದ್ದನಂತೆ. ಎಂಜಿನ್ನಿನ ಊಳು ಕೇಳಿಯೇ ಏನಾಗಿದೆ ಎಂದು ಅವನಿಗೆ ತಿಳಿದಿತ್ತು. ಇಳಿದವನೇ ಹಿಂದಿನ ಪಟ್ಟಿ ಬಿಚ್ಚಿ, ತೊಟ್ಟಿಯಿಂದ ಒಂದು ಜಿಂಕೆಯನ್ನು ಎರಡೂ ಕೈಯಲ್ಲಿ ಎಳೆದು ಹುಲ್ಲಿನ ಮೇಲೆ ಹಾಕಿದ. ಅದರ ಮೈಯಿಂದ ಇನ್ನೂ ಹಬೆ ಏಳುತ್ತಿತ್ತು. ತನ್ನ ಕೋಟು ಬಿಚ್ಚಿ ರಕ್ತದ ಮೇಲೆ ಹಾಸಿದ. ಗೇಟಿನ ಹಲಗೆಯೊಂದನ್ನು ಕಿತ್ತು ಅಕ್ಕನ ಕಾಲಿಗೆ ಮಾಮಾನ ಬೆಲ್ಟಿನಿಂದ ಬಿಗಿದೆವು.

ಅಕ್ಕನಿಗೆ ಎಚ್ಚರವಿತ್ತು. ಅವಳ ಮುಖದ ನೇರಕ್ಕೇ ಜಿಂಕೆಯ ಮುಖ.

"ಅದರ ಕಣ್ಣು ತೆರದಾವು," ಅಂದಳು. ಆಮೇಲೆ ತೊಟ್ಟಿ ನೋಡಿ ಕೊರಳಿಗೆ ಕೈ ಒಯ್ದಳು. "ಲಿಂಗ ಐತಿರಿ ಮೈಮ್ಯಾಲ. ಇದರಾಗ ಹ್ಯಾಂಗ..."

ಮಾಮಾ ದನಿ ಎತ್ತಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅವತ್ತು ಕೇಳಿದೆ. "ಲಿಂಗಾನೂ ಕರಕೊಂಡು ಹತ್ತಽ! ಅದೂ ನಿನ್ನ ಜೋಡಿ ಉಳೀಲಿ!"

ಅಕ್ಕ ಕರಡಿಗೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕಣ್ಣು ಮುಚ್ಚಿದಳು. ಮೂವರೂ ಸೇರಿ ಎತ್ತಿದೆವು. ರೈತ ನಡೆಯುವ ವೇಗಕ್ಕಿಂತ ನಿಧಾನವಾಗಿ ಇಳಿಸಿದ. ಮಾಮಾ ಅವಳ ತಲೆ ಹಿಡಿದು ತೊಟ್ಟಿಯಲ್ಲೇ ಕೂತಿದ್ದರು. ಕೆಳಗಿನ ದಾರಿಯಲ್ಲಿ ಫೋನ್ ಹತ್ತಿತು, ಆಂಬುಲೆನ್ಸ್ ಬಂತು. ಬಿಳಿ ಹಾಸಿಗೆಗೆ ಅವಳನ್ನು ಸಾಗಿಸುವಾಗ ಸೀರೆಗೆ ಹತ್ತಿದ್ದ ರಕ್ತ ಕಂಡು ನರ್ಸು ಹೌಹಾರಿದಳು. "ಅದು ಅವಳದಲ್ಲ," ಎಂದ ರೈತ. ಅಷ್ಟು ಹೇಳಿ ಗೋಡೆಗೆ ಆತು ಕುಸಿದು ಕೂತ.

ತೊಡೆಯ ಮೂಳೆಗೆ ರಾಡು ಹಾಕಿದರು. ಚಳಿಗಾಲವೆಲ್ಲ ಅಕ್ಕ ಲೀಡ್ಸ್‌ನ ಮನೆಯಲ್ಲಿ ಮಲಗಿದಳು. ಮಾಮಾ ಕ್ವಾಡನ್ನು ಗುಜರಿಗೆ ಕೊಟ್ಟರು. ಹೊಲವನ್ನೂ ಮಾರುತ್ತೇನೆ ಎಂದರು. ಅವರು ಆ ಕಡೆ ಹೋಗುವುದನ್ನೇ ಬಿಟ್ಟಿದ್ದರು. ಕುರಿಗಳನ್ನು ರೈತನೇ ನೋಡಿಕೊಳ್ಳುತ್ತಿದ್ದ. ಒಂದು ಭಾನುವಾರ ಊಟಕ್ಕೆ ಕೂತಾಗ ಅಕ್ಕ ರೊಟ್ಟಿ ಮುರಿಯುತ್ತ, "ಮಾರೂದಿದ್ರ ಮಾರ್ರಿ. ಅದಕ್ಕೂ ಮೊದಲ ನನಗ ತೋರಿಸ್ರಿ," ಅಂದಳು.

"ಹ್ಯಾಂಗ ತೋರಿಸಲಿ? ಹೊತ್ತಕೊಂಡು ಹೋಗಲೇನು?"

"ಅವನ ಗಾಡಿ ಐತೆಲ್ಲ."

ಮಾಮಾನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. "ಹೊಸದು ತರೂಣು. ಸೀಟ್ ಬೆಲ್ಟ್ ಇರೂದು, ಪಂಜರ ಇರೂದು. ಎಷ್ಟು ತಿಂಗಳಾದ್ರೂ ಕಾಯೂಣು."

"ಹೊಸದೊಂದು ತಂದು ನೋಡೇವೆಲ್ಲ. ನನ್ನ ಕೆಳಗ ಇಳಿಸಿದ್ದು ಅವನ ಗಾಡಿ. ಮ್ಯಾಲ ಅದಽ ಏರಸಲಿ."

ವಸಂತದಲ್ಲಿ ರೈತ ಅದನ್ನು ಬಾಗಿಲಿಗೆ ತಂದ. ಎಷ್ಟು ತೊಳೆದಿದ್ದನೆಂದರೆ ತೊಟ್ಟಿಯ ಫಿನೈಲಿನ ವಾಸನೆಗೆ ಕಣ್ಣು ಉರಿಯುತ್ತಿತ್ತು. ಅಕ್ಕ ಅವನ ಪಕ್ಕದ ಸೀಟಿನಲ್ಲಿ ಕೂತು, ಸೀರೆಯ ಮೇಲೆ ಬೆಲ್ಟು ಬಿಗಿಸಿಕೊಂಡಳು. ನಿಂಬೆಹಣ್ಣಿನ ಮಾತು ಯಾರೂ ಎತ್ತಲಿಲ್ಲ. ಮಾಮಾ ಮತ್ತು ನಾನು ನಡೆದೇ ಹೊರಟೆವು. ಆ ಜಾಗ ಬಂದಾಗ ಅಕ್ಕ ನಿಲ್ಲಿಸಲು ಹೇಳಿದಳು.

"ಆ ಜಿಂಕಿ ಏನಾತು, ಕೇಳು ತಮ್ಮಾ."

ಕೇಳಿದೆ. ಸಂಜೆ ಹಿಂದಕ್ಕೆ ಬಂದಾಗ ಕಾಗೆಗಳು, ನರಿ ಎಲ್ಲ ಮುತ್ತಿದ್ದವಂತೆ. ತಾನು ಹೊಡೆದದ್ದನ್ನು ಹಾಳಾಗಲು ಬಿಟ್ಟದ್ದು ಅದೇ ಮೊದಲು, ಅಲ್ಲೇ ಹೂತೆ ಎಂದು ಅವನು ನೆಲ ನೋಡಿಕೊಂಡು ಹೇಳಿದ. ಅಕ್ಕ ಆ ಕಡೆ ನೋಡಿದಳು. "ನನಗ ಜಾಗಾ ಬಿಡ್ತು," ಅಂದಳು. ಮುಂದೆ ಹೋಗುವಂತೆ ಕೈ ಮಾಡಿದಳು.

ನೆತ್ತಿಯಲ್ಲಿ ಗಾಳಿ ಕಿವಿ ಕೀಳುವಂತೆ ಬೀಸುತ್ತಿತ್ತು. ಮಾಮಾ ಕೈ ಹಿಡಿದು ಇಳಿಸಿದರು. ಅಕ್ಕ ಸುತ್ತ ಒಮ್ಮೆ ಕಣ್ಣಾಡಿಸಿದಳು. ಹುಲ್ಲು, ಕಲ್ಲುಗೋಡೆ, ಅದರಾಚೆ ಮತ್ತೆ ಹುಲ್ಲು. ಮೋಡ ಮುಚ್ಚಿ ಬೆಳ್ಳಿ ನೀರೂ ಕಾಣುತ್ತಿರಲಿಲ್ಲ.

"ಇಷ್ಟಽ ಏನ್ರಿ?" ಎಂದಳು. "ಇದಕ್ಕಽ ವಾರ ವಾರಾ ಅಷ್ಟು ಫೋಟೋ ಕಳಸ್ತಿದ್ರಿ?"

ಆದರೂ ಗೋಡೆಯ ಮರೆಗೆ ಕೂತು, ಕರಡಿಗೆ ತೆರೆದು, ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡಳು. ರೈತ ಎಂಜಿನ್ ಆರಿಸಿದ. ಎಲ್ಲಿ ನೋಡಬೇಕೋ ತಿಳಿಯದೆ ಟೋಪಿ ತೆಗೆದು ಗಾಲಿಯನ್ನೇ ನೋಡುತ್ತ ನಿಂತ. ಮಾಮಾ ಮಾತ್ರ ಗಾಡಿಯ ಹಿಂದೆ ಹೋಗಿ, ತೊಟ್ಟಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವತ್ತು ಅಕ್ಕನ ತಲೆ ಹಿಡಿದು ಕೂತಿದ್ದದ್ದು ಅದರಲ್ಲೇ.