ಮೊಣಕಾಲ ಕೆಳಗಿನ ಗಾಳಿ

ಮೊನ್ನೆ ಪಕ್ಕದ ಮನೆಯ ಹುಡುಗಿ ಸಿಂಧು ನಮ್ಮ ತಾರಸಿಯ ಮೇಲೆ ತನ್ನ ಹೊಸ ಡೇರೆಯನ್ನು ಬಿಚ್ಚಿ ಹರಡಿದಳು. ಮುದುಕನ ಚಪಲ ನೋಡಿ, ನಾನು ಅದರ ಅಂಚನ್ನೆತ್ತಿ ಮೂಗಿಗೆ ಹಿಡಿದೆ. ಏನೂ ವಾಸನೆಯಿಲ್ಲ. ಡೇರೆ ಎಂದಮೇಲೆ ಸೀಮೆಎಣ್ಣೆ, ಮೇಣ, ಒದ್ದೆ ಹುಲ್ಲು, ಯಾರದೋ ಬೀಡಿ ಎಲ್ಲ ಕಲಸಿದ ಒಂದು ನಾತ ಇರಬೇಡವೇ? ಅದು ಇಲ್ಲದ್ದಕ್ಕೇ ಇರಬೇಕು, ನನಗೆ ಚನ್ನಬಸಪ್ಪನವರು ನೆನಪಾದರು.

ಅರವತ್ತರ ದಶಕದ ಆರಂಭ. ಶಿವಮೊಗ್ಗದಲ್ಲಿ ಅಮ್ಮನ ಕೈಯಡುಗೆ ಉಂಡು ಬೆಳೆದ ನನಗೆ ಭದ್ರಾವತಿಯ ಒಂದು ಸರ್ವೆ ತಂಡದಲ್ಲಿ ಅಳತೆ ಬರೆದುಕೊಳ್ಳುವ ಕೆಲಸ ಸಿಕ್ಕಿತು. ಅಲ್ಲೇ ಜನ್ನಾಪುರದಲ್ಲಿ ಕೋಣೆ ಹಿಡಿದು ಮೇಜು ಕುರ್ಚಿಯ ಕನಸು ಕಾಣುತ್ತಿದ್ದವನನ್ನು ಎಂಟೇ ದಿನಕ್ಕೆ ಬಾಬಾಬುಡನ್ ಸಾಲಿನ ನೆತ್ತಿಗೆ ಹತ್ತಿಸಿದರು. ಆ ನೆತ್ತಿಯನ್ನು ನೀವು ನೋಡಿದ್ದೀರೋ ಇಲ್ಲವೋ. ಮರಗಳೆಲ್ಲ ಕೆಳಗೆ ಕಣಿವೆಯಲ್ಲೇ ನಿಂತುಬಿಡುತ್ತವೆ. ಮೇಲೆ ಬರೀ ಹುಲ್ಲು, ಬಂಡೆ, ಗಾಳಿ. ಹಗಲೆಲ್ಲ ಅಳೆಯುತ್ತ ನಡೆಯುವುದು, ಸಂಜೆಯಾದಲ್ಲಿ ಮಲಗುವುದು. ಹೇಳುವುದಕ್ಕೆ ಸುಲಭ, ಎಲ್ಲಿ ಮಲಗುವುದು ಎನ್ನುವುದೇ ಅಲ್ಲಿ ದೊಡ್ಡ ವಿದ್ಯೆ.

ಆ ವಿದ್ಯೆ ಚನ್ನಬಸಪ್ಪನವರದು. ಹೊಳೆಹೊನ್ನೂರಿನವರು, ಅಳತೆಯ ಸರಪಳಿ ಹಿಡಿಯುವ ಹಿರಿಯ ನೌಕರರು, ಬೆಳಗಿನ ಲಿಂಗಪೂಜೆ ಮುಗಿಯದೆ ಗುಟುಕು ನೀರು ಮುಟ್ಟದವರು. ಹೊತ್ತು ಇಳಿಯುತ್ತಿದ್ದಂತೆ ಅವರು ಒಂದು ಬಂಡೆಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಸೊಂಟದ ಚೀಲದಿಂದ ಒಂದು ಚಿಟಿಕೆ ವಿಭೂತಿ ತೆಗೆದು, ನೆಲದಿಂದ ಗೇಣೆತ್ತರದಲ್ಲಿ ಬೆರಳು ಬಿಡಿಸುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ: "ಬಿತ್ತಾ, ಓಡ್ತಾ?"

ನೆಟ್ಟಗೆ ಬಿದ್ದರೆ ಅಲ್ಲೇ ಬಿಡಾರ. ಓಡಿದರೆ, ಇಲ್ಲವೆ ಸುಳಿ ಸುತ್ತಿದರೆ, ಮುಂದಿನ ಬಂಡೆ.

"ಮುಖಕ್ಕೆ ಬಡಿಯೋ ಗಾಳೀನ ನಂಬಬೇಡ ಮಾರಾಯ. ಅದು ನಿಂತಿರೋರ ಗಾಳಿ. ಮಲಗೋನಿಗೆ ಬೇಕಾದ್ದು ಮೊಣಕಾಲ ಕೆಳಗಿನ ಗಾಳಿ" ಎನ್ನುತ್ತಿದ್ದರು.

ನಮ್ಮ ಅಡುಗೆಯ ಮುನಿಸ್ವಾಮಿ, ಭದ್ರಾವತಿಯ ಕಾರ್ಮಿಕರ ವಠಾರದಲ್ಲಿ ಬೆಳೆದ ತಮಿಳ, ಸುಮ್ಮನಿರುವ ಆಸಾಮಿಯಲ್ಲ. "ಅಯ್ಯೋ ಸಾಮಿ, ದೇವರ ಬೂದಿ ನೆಲಕ್ಕೆ ಹಾಕ್ತೀರಲ್ಲ, ಪಾಪ ಬರಲ್ವಾ?"

"ಅವನೂ ಬೆಟ್ಟದ ಮೇಲೇ ಸಂಸಾರ ಹೂಡಿದೋನು ಕಣೋ. ಎಲ್ಲಿ ಮಲಗ್ಲಿ ಅಂತ ಅವನ್ನ ಕೇಳ್ದೆ ನಿನ್ನ ಕೇಳ್ಲಾ?"

ದಿನವೂ ನನ್ನನ್ನೇ ಕೇಳುತ್ತಿದ್ದರಲ್ಲ, ಅದು ನನಗೆ ನಡೆಯುತ್ತಿರುವ ಪರೀಕ್ಷೆ ಎಂದುಕೊಂಡಿದ್ದೆ. ಹಿರಿಯರು ತಮ್ಮ ವಿದ್ಯೆಯನ್ನು ನನಗೆ ಧಾರೆಯೆರೆಯುತ್ತಿದ್ದಾರೆ ಎಂದು ಅಮ್ಮನಿಗೆ ಕಾಗದವನ್ನೂ ಬರೆದೆ. ನನ್ನ ಬಗ್ಗೆ ನನಗಿದ್ದ ಗೌರವ ಆಗ ಸ್ವಲ್ಪ ಜಾಸ್ತಿಯೇ.

ಪುಷ್ಯಮಾಸದ ಒಂದು ಸಂಜೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡ ಹೊಸ ಬೂಟು ನನ್ನ ಎರಡೂ ಹಿಮ್ಮಡಿಗಳನ್ನು ತಿಂದುಹಾಕಿತ್ತು. ಎರಡು ಶಿಖರಗಳ ನಡುವೆ ಬೆಟ್ಟ ಕುದುರೆಯ ಬೆನ್ನಿನಂತೆ ತಗ್ಗಿದ ಜಾಗಕ್ಕೆ ಬಂದೆವು. ಹಾಸಿಗೆ ಹಾಸಿದಂಥ ಹುಲ್ಲು. ಮುನಿಸ್ವಾಮಿ ನೀರು ತರಲು ಕಣಿವೆಗೆ ಇಳಿದಿದ್ದ. ಚನ್ನಬಸಪ್ಪನವರು ಕೂತು ಬೆರಳು ಬಿಡಿಸಿದರು. ಬೂದಿ ಕೋಳಿಮರಿಯ ಹಾಗೆ ಎರಡು ಮಾರು ಓಡಿತು.

"ಬಿತ್ತಾ, ಓಡ್ತಾ?"

ಮುಂದಿನ ಬಂಡೆ ಅರ್ಧ ಮೈಲಿ ಆಚೆ, ಅದೂ ಏರು. "ಬಿತ್ತು" ಎಂದೆ.

"ನೆಟ್ಟಗೆ?"

"ನೆಟ್ಟಗೆ."

ಎದುರಿಗೇ ಓಡಿದ ಬೂದಿಯನ್ನು ಅವರೂ ಕಂಡಿರುತ್ತಾರೆ, ನನ್ನ ಕಾಲಿನ ಮೇಲೆ ಕರುಣೆ ತೋರುತ್ತಿದ್ದಾರೆ ಎಂದೇ ನಾನು ತಿಳಿದದ್ದು.

ಬೆಳಗಾಗುವುದಕ್ಕೆ ಮೊದಲೇ ಡೇರೆ ಗೂಟಸಮೇತ ಎದ್ದು ಕಣಿವೆಗೆ ಹಾರಿತು. ಅದರೊಂದಿಗೆ ಮೂರು ದಿನದ ಅಳತೆಯ ಹಾಳೆಗಳೂ ಹೋದವು. ಬೆಳಕು ಹರಿದಾಗ ಚನ್ನಬಸಪ್ಪನವರು ಕಂಬಳಿ ಹೊದ್ದು ಕೂತಿದ್ದರು. ನಾನು ಹತ್ತಿರ ಹೋಗಿ ಒಪ್ಪಿಕೊಂಡೆ: "ಬೂದಿ ಓಡಿತ್ತು. ನಾನು ಸುಳ್ಳು ಹೇಳ್ದೆ. ಆದರೆ ನೀವೂ ನೋಡಿದ್ರಲ್ಲ?"

ಅವರು ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡರು. "ಎರಡು ವರ್ಷ ಆಯ್ತು, ನನಗೆ ಬೂದಿ ಕಾಣಿಸಲ್ಲ. ಸರಪಳಿ ಕೈಗೆ ಸಿಗುತ್ತೆ. ಜನ ದನಿಗೆ ಸಿಗ್ತಾರೆ. ಹೆಂಗೋ ನಡೀತಿತ್ತು."

ಮಧ್ಯಾಹ್ನ ಕೆಳಗಿನ ಬಂಗಲೆಯಿಂದ ಇಂಜಿನಿಯರು ಬರುವವರಿದ್ದರು. ಎಲ್ಲವನ್ನೂ ನಾನೇ ಹೇಳಿಬಿಡುತ್ತೇನೆ ಎಂದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಬಾಯಿ ಬಿಟ್ಟೀಯ ಮತ್ತೆ! ಪಿಂಚಣಿಗೆ ಇನ್ನು ಹನ್ನೊಂದು ತಿಂಗಳಿದೆ ನಂಗೆ. ತಪ್ಪು ಮಾಡ್ದೋನ್ನ ಬೈದು ಇಟ್ಕೋತಾರೆ ಮಾರಾಯ. ಕಣ್ಣಿಲ್ದೋನ್ನ ಬೈಯೋದೂ ಇಲ್ಲ, ಮನೆಗೆ ಕಳಿಸ್ತಾರೆ."

ಇಂಜಿನಿಯರು ಬಂದರು. ಜಾಗ ಆರಿಸಿದ್ದು ಯಾರು ಎಂದರು. "ನಾನೇ ಸ್ವಾಮಿ" ಎಂದು ಚನ್ನಬಸಪ್ಪನವರು ತಲೆ ತಗ್ಗಿಸಿದರು.

"ಮೂವತ್ತು ವರ್ಷ ಬೆಟ್ಟ ಸುತ್ತಿದೋರು ನೀವು! ಗಾಳಿ ದಾರೀಲಿ ಡೇರೆ ಹಾಕ್ತಾರೇನ್ರೀ? ಗೊತ್ತಾಗದಿದ್ರೆ ಈ ಹುಡುಗನ್ನಾದರೂ ಒಂದು ಮಾತು ಕೇಳಬಾರದಿತ್ತಾ?"

"ಕೇಳ್ಬೇಕಿತ್ತು ಸ್ವಾಮಿ" ಎಂದರು ಅವರು.

ನಾನು ಬೂಟಿನ ದಾರ ನೋಡುತ್ತ ನಿಂತಿದ್ದೆ. ಬೈಗುಳ ಒಂದು ಗಂಟೆ ನಡೆಯಿತು, ನೌಕರಿ ಉಳಿಯಿತು. ಮೂರು ದಿನದ ದಾರಿಯನ್ನು ಮತ್ತೆ ಅಳೆದೆವು. ಅಂದಿನಿಂದ ಅವರು ಬೆರಳು ಬಿಡಿಸಿದಾಗಲೆಲ್ಲ ನಾನು ಗದ್ದವನ್ನು ನೆಲಕ್ಕೆ ತಾಗಿಸಿ ನೋಡುತ್ತಿದ್ದೆ. "ಓಡ್ತು" ಎಂದರೆ, ಅವರಿಗೆ ಎಷ್ಟೇ ಸುಸ್ತಾಗಿದ್ದರೂ, ಎದ್ದು ನಡೆಯುತ್ತಿದ್ದರು. ಒಮ್ಮೆಯೂ ಎರಡನೆಯ ಸಲ ಕೇಳಲಿಲ್ಲ. ಆ ನಂಬಿಕೆಯೇ ನನಗೆ ಶಿಕ್ಷೆಯಾಗಿತ್ತು. ಹನ್ನೊಂದು ತಿಂಗಳೂ ಹಾಗೇ ಕಳೆದು, ಅವರು ಹಾರ ಹಾಕಿಸಿಕೊಂಡು ಊರಿಗೆ ಹೋದರು. ಅವರು ತೀರಿಕೊಂಡೂ ಬಹಳ ವರ್ಷಗಳಾದವು.

ನಾನು ಮಾತಿನ ಮಲ್ಲ ಎಂದು ನಿಮಗೆ ಇಷ್ಟರಲ್ಲೇ ಗೊತ್ತಾಗಿರಬಹುದು. ಹಾರಿದ ಡೇರೆಯ ಕತೆಯನ್ನು ಎಷ್ಟು ಮದುವೆಮನೆಗಳಲ್ಲಿ ಹೇಳಿ ನಗಿಸಿದ್ದೇನೋ. ಆದರೆ ಪ್ರತಿಸಲವೂ ಅದು 'ನಮ್ಮ ಮುದುಕಪ್ಪ ಆರಿಸಿದ ಜಾಗ'ದ ಕತೆ. ಮೊದಲು ಅವರ ನೌಕರಿಗಾಗಿ ಹಾಗೆ ಹೇಳುತ್ತಿದ್ದೆ. ಆಮೇಲೆ ಅದೇ ರೂಢಿಯಾಯಿತು, ನನಗೆ ಅನುಕೂಲವೂ ಆಗಿತ್ತು.

ಮೊನ್ನೆ ಸಿಂಧುವಿಗೂ ಅದನ್ನೇ ಹೇಳಿದೆ. ಅವಳು ನಗಲಿಲ್ಲ. "ಅಷ್ಟೆಲ್ಲ ಗೊತ್ತಿದ್ದೋರು ಅಂಥ ಜಾಗ ಹೇಗೆ ತಾತ ಆರಿಸಿದ್ರು?" ಎಂದಳು.

ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಅವರ ಪಿಂಚಣಿಯನ್ನು ಇನ್ನು ಯಾರೂ ಕಸಿಯಲಾರರು.

"ಅವರು ಆರಿಸಲಿಲ್ಲ ಕಣೆ" ಎಂದೆ. "ನಾನು."