ಹುಳುವಿನ ಪಾಲಿನ ಜಪಾನು

ಆ ಸೋಮವಾರ ನಮ್ಮ ಮನೆಯಲ್ಲಿ ವಿಶೇಷವೇನೂ ಇರಲಿಲ್ಲ. ಉಡಿಗಾಲದ ಶಾಲೆಯಲ್ಲಿ ಪಾಠ ಮುಗಿಸಿ ನಾನು ಬಂದಾಗ ನನ್ನ ಹೆಂಡತಿ ಸಾಕಮ್ಮ ರೇಷ್ಮೆ ಹುಳುವಿನ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದಳು. ಕೆಮ್ಮು ಬಂದರೆ ಹಿತ್ತಲಿಗೆ ಓಡಿ ಕೆಮ್ಮಿ, ಕೈ ತೊಳೆದು ಒಳಗೆ ಬರುತ್ತಿದ್ದಳು. ಹುಳುವಿಗೆ ಸೋಂಕು ತಗುಲಬಾರದಲ್ಲ! ಅವಳಿಗೆ ಅದನ್ನು ಕಲಿಸಿದವನು ನಾನೇ.

ನನಗೆ ಕಲಿಸಿದವರು ಚಾಮರಾಜನಗರದ ರೇಷ್ಮೆ ಇನ್‌ಸ್ಪೆಕ್ಟರು. ಜಪಾನಿಗೆ ಹೋಗಿ ಬಂದವರು. ಅಂದು ಸಂಜೆಯೂ ನಮ್ಮ ಜಗಲಿಯ ಮೇಲೆ ಕೂತು ಅದೇ ಪುರಾಣ ತೆಗೆದರು. ಯುದ್ಧದಲ್ಲಿ ಸುಟ್ಟುಹೋದ ದೇಶವಾದರೂ ಅಲ್ಲಿ ನೆಗಡಿಯಾದವನು ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಬೀದಿಗಿಳಿಯುತ್ತಾನಂತೆ, ಎದುರಿಗೆ ಬರುವವನ ಮೇಲಿನ ಮರ್ಯಾದೆಗೆ. ಗಂಡನಾದವನು ಸಂಬಳದ ಲಕೋಟೆಯನ್ನು ಒಡೆಯದೆ ಹೆಂಡತಿಯ ಕೈಗಿಡುತ್ತಾನಂತೆ. ಅವಳು ಅಕ್ಕಿಗಿಷ್ಟು, ಸೌದೆಗಿಷ್ಟು, ಕಾಯಿಲೆಗಿಷ್ಟು ಎಂದು ಪಾಲು ಮಾಡಿ, ಉಳಿದದ್ದರಲ್ಲಿ ಅವನ ಕೈಖರ್ಚಿಗೆ ಕೊಡುತ್ತಾಳಂತೆ. ಕಾಯಿಲೆಗೆಂದು ಮೊದಲೇ ದುಡ್ಡು ಎತ್ತಿಟ್ಟರೆ ನಮ್ಮ ಕಡೆ ಅದು ಕಾಯಿಲೆಯನ್ನು ಕೂಗಿ ಕರೆದಂತೆ.

ಸಾಕಮ್ಮ ಬಾಗಿಲ ಮರೆಯಿಂದ ಕೇಳಿಸಿಕೊಂಡಿದ್ದಳು.

"ಅಂಗಾರೆ ಈ ತಿಂಗ್ಳು ಸಂಬ್ಳ ನನ್ ಕೈಗ್ ಕೊಟ್ಬುಡಿ. ನಿಮ್ ನಶ್ಯಕ್ಕೆ ಎಲ್ಡಾಣೆ ನಾನೇ ಕೊಡ್ತೀನಿ."

"ಕೊಟ್ರೆ ಏನ್ ಮಾಡೀಯೆ?"

"ಮೈಸೂರ್ಗೆ ಓಗಿ ಡಾಕ್ಟ್ರಿಗೆ ಎದೆ ತೋರಿಸ್ಕಂಡ್ ಬತ್ತೀನಿ."

"ಸೋತ್ರಿ ಮೇಷ್ಟ್ರೇ!" ಎಂದು ಇನ್‌ಸ್ಪೆಕ್ಟರು ತೊಡೆ ತಟ್ಟಿಕೊಂಡು ನಕ್ಕರು. ನಾನೂ ನಕ್ಕೆ. "ಹುಳ ಗೂಡು ಕಟ್ಬುಡ್ಲಿ ಕಣೆ, ಆಮೇಲ್ ಓಗನ," ಎಂದೆ.

ಮರುದಿನ ಅವಳ ಕಫದಲ್ಲಿ ರಕ್ತ ಕಂಡಿತು. ಹುಳು ಹಣ್ಣಾಗಿ ಗೂಡು ಕಟ್ಟಲು ತೊಡಗುವ ಹೊತ್ತು. ತಟ್ಟೆ ಬಿಟ್ಟು ಯಾರು ಹೋಗುತ್ತಾರೆ? ಆಡುಸೋಗೆ ಸೊಪ್ಪಿನ ಕಷಾಯ ಕುಡಿಸಿದೆ. ಹುಳುಗಳು ಗೂಡು ಕಟ್ಟಿ ಮುಗಿಸುವ ಮೊದಲೇ ಅವಳು ಹೋದಳು.

ಆ ಬೆಳೆ ಬಹಳ ಚೆನ್ನಾಗಿ ಬಂತು. ಸಾವಿಗೆ ಬಂದವರೂ ಗೂಡನ್ನು ಮುಟ್ಟಿ ನೋಡಿ ತಲೆದೂಗಿದರು.

ಜಪಾನಿನಲ್ಲೂ ಹೆಂಡಂದಿರು ಸಾಯುತ್ತಾರೆ, ಅಷ್ಟು ನನಗೂ ಗೊತ್ತು. ಇನ್‌ಸ್ಪೆಕ್ಟರು ಹೇಳಿದ್ದರಲ್ಲಿ ಎಷ್ಟು ನಿಜವೋ, ನಾನು ನೋಡಿದವನಲ್ಲ. ಆದರೆ ನಮ್ಮ ಮನೆಯವರೆಗೆ ಬಂದ ಜಪಾನು ತಟ್ಟೆಗಳ ಬಳಿಯೇ ನಿಂತುಬಿಟ್ಟಿತು, ಒಲೆಯ ಕಡೆಗೆ ಬರಲಿಲ್ಲ. ನಾನು ಬಿಡಲಿಲ್ಲ. ನಾಲ್ಕು ಹುಳು ಮೇವು ಬಿಟ್ಟರೆ ಎಲೆಯಲ್ಲಿ ಸುತ್ತಿಕೊಂಡು ಚಾಮರಾಜನಗರಕ್ಕೆ ಓಡಿ ತೋರಿಸುತ್ತಿದ್ದೆ. ಅದಕ್ಕೆ ರಜೆಯೂ ಸಿಗುತ್ತಿತ್ತು, ಬಸ್ಸಿನ ಕಾಸೂ ಇರುತ್ತಿತ್ತು. ಸುಣ್ಣಕಟ್ಟು, ಹಾಲುರೋಗ, ಸಪ್ಪೆರೋಗ, ಗಂಟುರೋಗ ಎಂದು ಹುಳುವಿನ ರೋಗಗಳೆಲ್ಲ ನನಗೆ ಬಾಯಿಪಾಠ.

ಸಾಕಮ್ಮನಿಗೆ ಬಂದದ್ದು ಯಾವ ಕಾಯಿಲೆಯೆಂದು ನನಗೆ ಇಂದಿಗೂ ಗೊತ್ತಿಲ್ಲ.